ಹವಳದ ತುಂಡಿಗೊಂದು ಅಟ್ಟಣಿಗೆ



ಹಿತ್ತಲಲ್ಲಿ ದಾಸವಾಳದ ಗಿಡ ಬೆಳೆಸಬೇಕಾದರೆ ನೀವು ಏನು ಮಾಡುತ್ತೀರಿ? ಬೀಜಕ್ಕಾಗಿ ಹುಡುಕುವುದಿಲ್ಲ. ಬಲಿತ ಗಿಡದಿಂದ ಒಂದು ಕಡ್ಡಿ ಕತ್ತರಿಸಿ ಹಸಿ ಮಣ್ಣಿನಲ್ಲಿ ನೆಡುತ್ತೀರಿ. ಕೆಲವು ದಿನಗಳಲ್ಲಿ ಅದು ಚಿಗುರುತ್ತದೆ. ಕಬ್ಬಿನ ತುಂಡು, ದೊಡ್ಡಪತ್ರೆಯ ಕಡ್ಡಿ, ನುಗ್ಗೆಯ ಕೊಂಬೆ ಇವೆಲ್ಲವೂ ಹೀಗೆಯೇ ಹೊಸ ಗಿಡಗಳಾಗುತ್ತವೆ.

ಹಾಗಾದರೆ ಒಂದು ಪ್ರಾಣಿಯನ್ನು ತುಂಡು ಮಾಡಿ, ಆ ತುಂಡುಗಳನ್ನು ನೆಟ್ಟು ಬೆಳೆಸಬಹುದೇ? 'ಇದೆಂಥ ಪ್ರಶ್ನೆ!' ಎಂದು ನೀವು ನಗಬಹುದು. ಹಸುವನ್ನಾಗಲೀ ಕೋಳಿಯನ್ನಾಗಲೀ ಹೀಗೆ ಬೆಳೆಸಲು ಸಾಧ್ಯವಿಲ್ಲ, ನಿಜ. ಆದರೆ ಸಮುದ್ರದಲ್ಲಿ ವಾಸಿಸುವ ಹವಳ ಎಂಬ ಪ್ರಾಣಿಯನ್ನು ಹೀಗೆ ಬೆಳೆಸಬಹುದು. ಅದಕ್ಕೆ ಬೇಕಾದ ಸಾಧನವೂ ತುಂಬ ಸರಳ. ನಲ್ಲಿಗೆ ಜೋಡಿಸುವ ಪಿ.ವಿ.ಸಿ. ಕೊಳವೆಯ ಕೆಲವು ತುಂಡುಗಳು ಮತ್ತು ಒಂದು ಪ್ಲಾಸ್ಟಿಕ್ ಜಾಲರಿ ಇದ್ದರೆ ಸಾಕು, ಹವಳದ ತುಂಡುಗಳನ್ನು ಇಡಲು ಅಟ್ಟಣಿಗೆ ಸಿದ್ಧವಾಗುತ್ತದೆ. ಈ ಅಟ್ಟಣಿಗೆಯನ್ನು ಹೇಗೆ ಮಾಡುತ್ತಾರೆ, ಅದು ಹವಳಕ್ಕೆ ಏಕೆ ಬೇಕು, ಅದರಿಂದ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂಬುದನ್ನು ಈಗ ತಿಳಿಯೋಣ.

ಹವಳ ಕಲ್ಲೋ, ಗಿಡವೋ, ಪ್ರಾಣಿಯೋ?

ಹವಳ ಎಂದೊಡನೆ ನಿಮಗೆ ಅಜ್ಜಿಯ ಕೊರಳಿನ ಕೆಂಪು ಹವಳದ ಸರ ನೆನಪಾಗಬಹುದು. ಆ ಕೆಂಪು ಹವಳ ಬೇರೆ ಜಾತಿಯದು. ಅದು ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದಿಂದ ಬರುತ್ತದೆ. ನಾವಿಲ್ಲಿ ಹೇಳುತ್ತಿರುವುದು ಬೆಚ್ಚಗಿನ, ಆಳವಿಲ್ಲದ ಸಮುದ್ರಗಳಲ್ಲಿ ದೊಡ್ಡ ದೊಡ್ಡ ದಿಬ್ಬಗಳನ್ನು ಕಟ್ಟುವ ಹವಳದ ಬಗ್ಗೆ.

ನೋಡಲು ಇದು ಕಲ್ಲಿನಂತೆ ಗಟ್ಟಿ. ಗಿಡದಂತೆ ಕವಲೊಡೆದಿರುತ್ತದೆ. ಆದರೂ ಇದು ಪ್ರಾಣಿ. ಹೈಡ್ರಾ ಮತ್ತು ಅಂಬಲಿಮೀನುಗಳ ಬಳಗಕ್ಕೆ ಸೇರಿದ್ದು. ಒಂದು ಹವಳದ ಕೊಂಬೆಯ ಮೇಲೆ ನೂರಾರು ಪುಟ್ಟ ಪ್ರಾಣಿಗಳು ಒತ್ತೊತ್ತಾಗಿ ಕುಳಿತಿರುತ್ತವೆ. ಇವುಗಳಿಗೆ ಪಾಲಿಪ್ ಎಂದು ಹೆಸರು. ಸಾಮಾನ್ಯವಾಗಿ ಒಂದು ಪಾಲಿಪ್ ಕೆಲವೇ ಮಿಲಿಮೀಟರ್ ಅಗಲ ಇರುತ್ತದೆ. ಪುಟ್ಟ ಚೀಲದಂಥ ಮೈ, ಮೇಲೊಂದು ಬಾಯಿ, ಬಾಯಿಯ ಸುತ್ತ ಎಳೆಗಳಂಥ ಕರಬಳ್ಳಿಗಳು. ಇಷ್ಟೇ ಅದರ ದೇಹ. ಪಾಲಿಪ್ ಸಮುದ್ರದ ನೀರಿನಲ್ಲಿರುವ ಕ್ಯಾಲ್ಸಿಯಂ ಅನ್ನು ಬಳಸಿಕೊಂಡು ತನ್ನ ಬುಡದಲ್ಲಿ ಗಟ್ಟಿಯಾದ ಬಟ್ಟಲನ್ನು ಕಟ್ಟಿಕೊಳ್ಳುತ್ತದೆ. ಇದು ಕ್ಯಾಲ್ಸಿಯಂ ಕಾರ್ಬೊನೇಟ್. ಮೊಟ್ಟೆಯ ಚಿಪ್ಪಿನಲ್ಲಿ ಇರುವುದೂ ಇದೇ ವಸ್ತು.

ಇನ್ನೊಂದು ಸೋಜಿಗವಿದೆ. ಪಾಲಿಪ್‌ನ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಜೀವಿಗಳು ಬಾಡಿಗೆ ಮನೆಯಲ್ಲಿರುವಂತೆ ವಾಸಿಸುತ್ತವೆ. ಅವು ಬಿಸಿಲಿನಲ್ಲಿ ಆಹಾರ ತಯಾರಿಸಿ ಬಹುಪಾಲನ್ನು ಹವಳಕ್ಕೆ ಬಾಡಿಗೆಯಾಗಿ ಕೊಡುತ್ತವೆ! ಹವಳದ ಬಣ್ಣಕ್ಕೂ ಹೆಚ್ಚಾಗಿ ಈ ಪಾಚಿಗಳೇ ಕಾರಣ. ಆದ್ದರಿಂದ ಹವಳ ಪ್ರಾಣಿಯಾದರೂ ಗಿಡದಂತೆ ಬೆಳಕು ಬೇಡುತ್ತದೆ. ಈ ಮಾತನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಹವಳದ ದಿಬ್ಬಗಳು ಸಮುದ್ರತಳದ ಶೇಕಡಾ 1ಕ್ಕಿಂತಲೂ ಕಡಿಮೆ ಜಾಗದಲ್ಲಿವೆ. ಆದರೆ ಸಮುದ್ರಜೀವಿಗಳ ಸುಮಾರು ಕಾಲು ಭಾಗದಷ್ಟು ಜಾತಿಗಳು ಬದುಕಿನ ಒಂದಲ್ಲ ಒಂದು ಹಂತದಲ್ಲಿ ಈ ದಿಬ್ಬಗಳನ್ನು ಆಶ್ರಯಿಸುತ್ತವೆ. ದಿಬ್ಬ ಹೋದರೆ ಅಲ್ಲಿನ ಮೀನೂ ಹೋಗುತ್ತದೆ. ಮೀನು ಹೋದರೆ ಮೀನುಗಾರರ ಅನ್ನವೂ ಹೋಗುತ್ತದೆ.

ತುಂಡಿನಿಂದ ಹೊಸ ಹವಳ

ಬಿರುಗಾಳಿ ಬೀಸಿದಾಗ ಅಲೆಗಳ ಹೊಡೆತಕ್ಕೆ ಹವಳದ ಕೊಂಬೆಗಳು ಮುರಿದು ಬೀಳುತ್ತವೆ. ಮುರಿದ ತುಂಡು ಗಟ್ಟಿ ಬಂಡೆಯ ಮೇಲೆ ಅಲುಗಾಡದೆ ಕುಳಿತರೆ ಅಲ್ಲಿಯೇ ಅಂಟಿಕೊಂಡು ಹೊಸ ಹವಳವಾಗಿ ಬೆಳೆಯುತ್ತದೆ. ಇಂಥ ಸಂತಾನೋತ್ಪತ್ತಿಗೆ ತುಂಡರಿಕೆ ಎನ್ನುತ್ತಾರೆ.

ಅಮೆರಿಕ, ಯೂರೋಪುಗಳಲ್ಲಿ ಮನೆಯ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿಸಿ ಹವಳ ಸಾಕುವ ಹವ್ಯಾಸಿಗಳಿದ್ದಾರೆ. ಲೀಟರ್ ನೀರಿಗೆ ಸುಮಾರು 35 ಗ್ರಾಂ ಸಮುದ್ರದ ಲವಣಗಳು, ಸುಮಾರು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಮೇಲಿನಿಂದ ಬೆಳಕು, ನೀರನ್ನು ಸದಾ ತಿರುಗಿಸುವ ಸಣ್ಣ ಪಂಪು ಇವಿಷ್ಟು ಇರಬೇಕು. ಹವ್ಯಾಸಿಗಳು ಬೆಳೆದ ಹವಳದಿಂದ ಹೆಬ್ಬೆರಳಿನಷ್ಟು ತುಂಡು ಕತ್ತರಿಸುತ್ತಾರೆ. ಅದನ್ನು ಅಣಬೆಯ ಆಕಾರದ ಸಣ್ಣ ಸಿಮೆಂಟಿನ ಬಿಲ್ಲೆಗೆ ಅಂಟಿಸುತ್ತಾರೆ. ಕ್ಷಣದಲ್ಲಿ ಹಿಡಿದುಕೊಳ್ಳುವ ಫೆವಿಕ್ವಿಕ್ ನೋಡಿದ್ದೀರಲ್ಲ? ಅದೇ ಬಗೆಯ, ಆದರೆ ಮಂದವಾದ ಅಂಟನ್ನು ಇದಕ್ಕೆ ಬಳಸುತ್ತಾರೆ. ಅದು ನೀರಿನಲ್ಲೂ ಹಿಡಿಯುತ್ತದೆ. ತುಂಡು ಬೆಳೆದ ಮೇಲೆ ಒಬ್ಬರಿಗೊಬ್ಬರು ಹಂಚಿಕೊಳ್ಳುತ್ತಾರೆ. ನಮ್ಮ ಅಮ್ಮಂದಿರು ಅಕ್ಕಪಕ್ಕದವರೊಡನೆ ಹೂಗಿಡದ ಕಡ್ಡಿಗಳನ್ನು ಹಂಚಿಕೊಳ್ಳುವುದಿಲ್ಲವೇ, ಹಾಗೆಯೇ. ಹೀಗೆ ಹಂಚಿಕೊಂಡರೆ ಸಮುದ್ರದಿಂದ ಹವಳವನ್ನು ಕೀಳುವ ಅಗತ್ಯ ಕಡಿಮೆಯಾಗಬಹುದು.

ಅಟ್ಟಣಿಗೆ ಏಕೆ ಬೇಕು?

ಅಂಟಿಸಿದ ತುಂಡನ್ನು ತೊಟ್ಟಿಯ ತಳದಲ್ಲಿಯೇ ಇಡಬಹುದಲ್ಲ? ಇಡಬಹುದು. ಆದರೆ ಅಲ್ಲಿ ನಾಲ್ಕು ತೊಂದರೆಗಳಿವೆ.

1. ತಳದಲ್ಲಿ ಮರಳು, ಕೊಳೆ ಸೇರಿಕೊಳ್ಳುತ್ತದೆ. ಪುಟ್ಟ ತುಂಡು ಅದರಲ್ಲಿ ಹೂತುಹೋದರೆ ಪಾಲಿಪ್‌ಗಳು ಉಸಿರುಗಟ್ಟಿ ಸಾಯುತ್ತವೆ.

2. ಕೆಳಗೆ ಹೋದಂತೆ ಬೆಳಕು ಕಡಿಮೆ. ಬೆಳಕಿಲ್ಲದಿದ್ದರೆ ಒಳಗಿನ ಪಾಚಿಜೀವಿಗಳು ಆಹಾರ ತಯಾರಿಸಲಾರವು.

3. ತಳದಲ್ಲಿ ನೀರಿನ ಓಡಾಟ ಕಡಿಮೆ. ಹವಳ ಇದ್ದಲ್ಲಿಯೇ ಇರುವ ಪ್ರಾಣಿ. ಆಮ್ಲಜನಕ ಮತ್ತು ಆಹಾರವನ್ನು ನೀರೇ ಹೊತ್ತು ತರಬೇಕು. ಕೊಳೆಯನ್ನೂ ನೀರೇ ತೊಳೆಯಬೇಕು.

4. ಹವಳಗಳು ಜಗಳಗಂಟಿಗಳು! ಪಕ್ಕದಲ್ಲಿ ಬೇರೆ ಜಾತಿಯ ಹವಳ ಬಂದರೆ ಕುಟುಕುವ ಕರಬಳ್ಳಿಗಳನ್ನು ಚಾಚಿ ಸುಡುತ್ತವೆ. ಆದ್ದರಿಂದ ತುಂಡುಗಳ ನಡುವೆ ಅಂತರ ಇರಬೇಕು.

ತೂತುಗಳಿರುವ ಒಂದು ಅಟ್ಟಣಿಗೆ ಈ ನಾಲ್ಕಕ್ಕೂ ಪರಿಹಾರ. ಮರಳು ಮೇಲೆ ಬರುವುದಿಲ್ಲ. ಕೊಳೆ ಜಾಲರಿಯ ಕಿಂಡಿಗಳಿಂದ ಕೆಳಗೆ ಇಳಿಯುತ್ತದೆ. ಬೆಳಕು ಸಿಗುತ್ತದೆ. ನೀರು ಮೇಲೂ ಕೆಳಗೂ ಹರಿಯುತ್ತದೆ. ಒಂದೊಂದು ತುಂಡಿಗೆ ಒಂದೊಂದು ಜಾಗ.

ಅಟ್ಟಣಿಗೆ ಮಾಡುವ ವಿಧಾನ

ಅಂಗಡಿಯಲ್ಲಿ ಸಿದ್ಧ ಅಟ್ಟಣಿಗೆಗಳು ಸಿಗುತ್ತವೆ. ಆದರೆ ಅನೇಕ ಹವ್ಯಾಸಿಗಳು ತಾವೇ ಕಡಿಮೆ ಖರ್ಚಿನಲ್ಲಿ ಮಾಡಿಕೊಳ್ಳುತ್ತಾರೆ. ಅಂಥ ಒಂದು ವಿಧಾನ ಇಲ್ಲಿದೆ.

ಬೇಕಾಗುವ ಸಾಮಗ್ರಿ: ಅರ್ಧ ಅಂಗುಲದ ಪಿ.ವಿ.ಸಿ. ಕೊಳವೆ ಸುಮಾರು ಒಂದೂಕಾಲು ಮೀಟರ್, 4 ಎಲ್ಬೋ, 4 ಟೀ, ಚೌಕುಳಿ ಕಿಂಡಿಗಳಿರುವ ಪ್ಲಾಸ್ಟಿಕ್ ಜಾಲರಿ, ನೈಲಾನ್ ದಾರ.

ಎಲ್ಬೋ ಎಂದರೆ ಮೊಣಕೈಯಂತೆ ಬಾಗಿದ ಜೋಡಣೆ. ಟೀ ಎಂದರೆ ಮೂರು ಬಾಯಿಗಳಿರುವ ಜೋಡಣೆ. ಕೊಳಾಯಿ ಕೆಲಸದವರ ಚೀಲದಲ್ಲಿ ಇವೆರಡನ್ನೂ ನೀವು ನೋಡಿರುತ್ತೀರಿ.

ಮೊದಲು ಕೊಳವೆಯನ್ನು ಹೀಗೆ ಕತ್ತರಿಸಬೇಕು: 5 ಸೆಂ.ಮೀ.ನ 4 ತುಂಡು, 15 ಸೆಂ.ಮೀ.ನ 2 ತುಂಡು, 12 ಸೆಂ.ಮೀ.ನ 6 ತುಂಡು. (ಒಟ್ಟು ಎಷ್ಟು ಉದ್ದವಾಯಿತು? ಕೂಡಿ ನೋಡಿ.)

5 ಸೆಂ.ಮೀ. ತುಂಡು, ಟೀ, 15 ಸೆಂ.ಮೀ. ತುಂಡು, ಟೀ, ಮತ್ತೆ 5 ಸೆಂ.ಮೀ. ತುಂಡು. ಈ ಕ್ರಮದಲ್ಲಿ ಜೋಡಿಸಿದರೆ ಒಂದು ಉದ್ದನೆಯ ಬದಿ ಆಗುತ್ತದೆ. ಇಂಥದೇ ಇನ್ನೊಂದು ಬದಿ ಮಾಡಬೇಕು. ಎರಡೂ ಬದಿಗಳ ತುದಿಗಳಿಗೆ ಎಲ್ಬೋ ಹಾಕಿ, ನಡುವೆ 12 ಸೆಂ.ಮೀ.ನ ಎರಡು ತುಂಡುಗಳನ್ನು ಸೇರಿಸಿದರೆ ಆಯತಾಕಾರದ ಚೌಕಟ್ಟು ಸಿದ್ಧ. ನಾಲ್ಕು ಟೀಗಳ ಬಾಯಿಗಳನ್ನು ಕೆಳಮುಖವಾಗಿ ತಿರುಗಿಸಿ, ಉಳಿದ ನಾಲ್ಕು ತುಂಡುಗಳನ್ನು ಸಿಕ್ಕಿಸಬೇಕು. ಅವೇ ಕಾಲುಗಳು. ಚೌಕಟ್ಟಿನ ಮೇಲೆ ಜಾಲರಿಯನ್ನಿಟ್ಟು ನೈಲಾನ್ ದಾರದಿಂದ ಬಿಗಿದರೆ ಪುಟ್ಟ ಮೇಜಿನಂಥ ಅಟ್ಟಣಿಗೆ ಆಯಿತು. ಅಣಬೆಯಾಕಾರದ ಬಿಲ್ಲೆಯ ಕಾಂಡವನ್ನು ಜಾಲರಿಯ ಕಿಂಡಿಗೆ ಇಳಿಸಿದರೆ ಹವಳದ ತುಂಡು ನೆಟ್ಟಗೆ ನಿಲ್ಲುತ್ತದೆ.

ಈ ಕೆಲಸದಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು.

ಒಂದು, ಪ್ರತಿ ಕೊಳವೆಯ ಮೇಲೂ ಕೆಳಗೂ ತೂತು ಕೊರೆಯಬೇಕು. ಇಲ್ಲದಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡು ಅಟ್ಟಣಿಗೆ ತೇಲುತ್ತದೆ. ಮೇಲಿನ ತೂತಿನಿಂದ ಗಾಳಿ ಹೊರಗೆ ಹೋಗುತ್ತದೆ. ಕೆಳಗಿನ ತೂತಿನಿಂದ ನೀರು ಒಳಗೆ ಬರುತ್ತದೆ.

ಎರಡು, ಲೋಹದ ತಂತಿಯನ್ನಾಗಲೀ ಮೊಳೆಯನ್ನಾಗಲೀ ಬಳಸಬಾರದು. ಉಪ್ಪುನೀರಿನಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ತಾಮ್ರವಂತೂ ಹವಳ, ಸೀಗಡಿ, ಶಂಖದ ಹುಳುಗಳಿಗೆ ಅತಿ ಕಡಿಮೆ ಪ್ರಮಾಣದಲ್ಲೂ ವಿಷ.

ಮೂರು, ಕೊಳವೆಗಳನ್ನು ಅಂಟು ಹಾಕಿ ಕೂಡಿಸುವ ಅಗತ್ಯವಿಲ್ಲ. ಒತ್ತಿ ಸಿಕ್ಕಿಸಿದರೆ ಸಾಕು. ಆಗ ಬಿಚ್ಚಿ ತೊಳೆಯಲು ಸುಲಭ. ಹೆಚ್ಚು ಬೆಳಕು ಬೇಡುವ ಹವಳಕ್ಕೆ ಉದ್ದನೆಯ ಕಾಲು, ಕಡಿಮೆ ಬೆಳಕು ಸಾಕಾದ ಹವಳಕ್ಕೆ ಗಿಡ್ಡ ಕಾಲು ಬದಲಾಯಿಸಬಹುದು. ಆದರೆ ಮಬ್ಬಿನಲ್ಲಿದ್ದ ಹವಳವನ್ನು ಒಮ್ಮೆಲೇ ಜೋರು ಬೆಳಕಿಗೆ ತಂದರೆ ಅದು ಬಿಳಿಚಿಕೊಳ್ಳುತ್ತದೆ. ನಿಧಾನವಾಗಿ ಮೇಲಕ್ಕೇರಿಸಬೇಕು.

ಮಾಡಿ ನೋಡಿ

ನಮ್ಮ ಶಾಲೆಯಲ್ಲಿ ಹವಳವಿಲ್ಲ. ಆದರೆ ಅಟ್ಟಣಿಗೆಯ ಉಪಯೋಗವನ್ನು ಪರೀಕ್ಷಿಸಲು ಹವಳ ಬೇಕಿಲ್ಲ.

ಬೇಕಾಗುವ ಸಾಮಗ್ರಿ: ಅಗಲವಾದ ಟಬ್ಬು, ಸಣ್ಣ ಕಿಂಡಿಗಳಿರುವ ಹಳೆಯ ಪ್ಲಾಸ್ಟಿಕ್ ತರಕಾರಿ ಬುಟ್ಟಿ, ನೀರು, ಎರಡು ಹಿಡಿ ಮರಳು, ಒಂದು ಹಿಡಿ ಮಣ್ಣು, ನೆಲ್ಲಿಕಾಯಿ ಗಾತ್ರದ 10 ಬಿಳಿ ಬೆಣಚುಕಲ್ಲು, ಒಂದು ಕೋಲು.

ವಿಧಾನ: ಟಬ್ಬಿನ ತಳದಲ್ಲಿ ಮರಳು, ಮಣ್ಣು ಹರಡಿ. ಬುಟ್ಟಿಯನ್ನು ಕವುಚಿ ಒಂದು ಬದಿಗೆ ಇಡಿ. ಅದು ತೇಲದಂತೆ ಮೇಲೊಂದು ಭಾರದ ಕಲ್ಲಿಡಿ. ಬುಟ್ಟಿ ಮುಳುಗುವಷ್ಟು ನೀರನ್ನು ನಿಧಾನವಾಗಿ ಸುರಿಯಿರಿ. 5 ಬೆಣಚುಕಲ್ಲುಗಳನ್ನು ಬುಟ್ಟಿಯ ಮೇಲೆ, 5 ಕಲ್ಲುಗಳನ್ನು ತಳದ ಮರಳಿನ ಮೇಲೆ ಇಡಿ. ಈಗ ಕೋಲಿನಿಂದ ನೀರನ್ನು ಅಲೆಯಂತೆ ಅತ್ತಿತ್ತ ಆಡಿಸಿ. ಒಂದು ದಿನದಲ್ಲಿ ನಾಲ್ಕೈದು ಬಾರಿ ಹೀಗೆ ಮಾಡಿ. ಮರುದಿನ ನೀರು ತಿಳಿಯಾದ ಮೇಲೆ ನೋಡಿ.

ಯಾವ ಕಲ್ಲುಗಳ ಮೇಲೆ ಹೆಚ್ಚು ಮಣ್ಣು ಕುಳಿತಿದೆ? ಯಾವ ಕಲ್ಲುಗಳು ಮರಳಿನಲ್ಲಿ ಹೂತಿವೆ? ನೋಡುವ ಮುಂಚೆಯೇ ನಿಮ್ಮ ಊಹೆಯನ್ನು ಪುಸ್ತಕದಲ್ಲಿ ಬರೆದಿಡಿ. ಆಮೇಲೆ ಹೋಲಿಸಿ. ಮುಗಿದ ಮೇಲೆ ನೀರನ್ನು ಶಾಲೆಯ ಗಿಡಗಳಿಗೆ ಹಾಕಿ.

ತೊಟ್ಟಿಯಿಂದ ಕಡಲಿಗೆ

ಮನೆಯ ತೊಟ್ಟಿಯಲ್ಲಿ ನಡೆಯುವ ಈ ಕೆಲಸ ಸಮುದ್ರದಲ್ಲಿ ನಡೆಯಬಹುದೇ? ನಡೆದಿದೆ.

ಅಮೆರಿಕದ ಆಗ್ನೇಯ ಮೂಲೆಯಲ್ಲಿ ಫ್ಲಾರಿಡಾ ಎಂಬ ರಾಜ್ಯವಿದೆ. ಅದರ ತುದಿಯಲ್ಲಿ ಸರದ ಮಣಿಗಳಂತೆ ಸಾಲು ದ್ವೀಪಗಳಿವೆ. ಅಲ್ಲಿನ ಸಮುದ್ರದಲ್ಲಿ ಜಿಂಕೆಕೊಂಬಿನ ಹವಳಗಳು ಕಾಡಿನಂತೆ ಬೆಳೆದಿದ್ದವು. 1970ರ ದಶಕದ ಕೊನೆಯಿಂದ ರೋಗ ತಗುಲಿ ಅವು ಸಾಯತೊಡಗಿದವು. ಅಲ್ಲಿದ್ದ ಕೆನ್ ನೆಡಿಮಯರ್ ಎಂಬವರು ಅಕ್ವೇರಿಯಂಗಳಿಗೆ ಮೀನು ಹಿಡಿದುಕೊಡುವ ಕೆಲಸ ಮಾಡುತ್ತಿದ್ದರು. ಅಕ್ವೇರಿಯಂಗಳಿಗೆ ಬೇಕಾದ ಕಲ್ಲುಗಳನ್ನು ಸಮುದ್ರತಳದಲ್ಲಿ ಹರಡಿ ಬೆಳೆಸುವ ತೋಟವೂ ಅವರಿಗಿತ್ತು. ಆ ಕಲ್ಲುಗಳ ಮೇಲೆ ತಾವಾಗಿಯೇ ಜಿಂಕೆಕೊಂಬಿನ ಹವಳಗಳು ಬಂದು ಕುಳಿತವು! ನೆಡಿಮಯರ್ ಅವುಗಳನ್ನು ಮಾರಲಿಲ್ಲ. ತುಂಡು ಮಾಡಿ ಬೆಳೆಸಿದರು. ಬೆಳೆದವನ್ನು ಬರಿದಾದ ದಿಬ್ಬಗಳಲ್ಲಿ ನೆಟ್ಟರು. 2007ರಲ್ಲಿ ಈ ಕೆಲಸಕ್ಕಾಗಿಯೇ ಒಂದು ಸಂಸ್ಥೆ ಕಟ್ಟಿದರು.

ಮೊದಮೊದಲು ತುಂಡುಗಳನ್ನು ತಳದಲ್ಲಿಟ್ಟ ಸಿಮೆಂಟ್ ಇಟ್ಟಿಗೆಗಳ ಮೇಲೆ ಬೆಳೆಸುತ್ತಿದ್ದರು. ಆಮೇಲೆ ಬಂದದ್ದು 'ಹವಳದ ಮರ'. ಅದರ ಕಾಂಡ ಪಿ.ವಿ.ಸಿ. ಕೊಳವೆ! ಕೊಂಬೆಗಳು ಫೈಬರ್‌ಗ್ಲಾಸ್ ಕಡ್ಡಿಗಳು. ಕೊಂಬೆಗಳಿಂದ ಹವಳದ ತುಂಡುಗಳನ್ನು ನೈಲಾನ್ ದಾರದಲ್ಲಿ ತೂಗುಹಾಕುತ್ತಾರೆ. ಮರದ ಬುಡವನ್ನು ಸಮುದ್ರತಳಕ್ಕೆ ಹಗ್ಗದಿಂದ ಕಟ್ಟುತ್ತಾರೆ. ಮೇಲೆ ತೇಲುಬುರುಡೆ ಇರುವುದರಿಂದ ಅದು ನೆಟ್ಟಗೆ ನಿಲ್ಲುತ್ತದೆ. ಅಲೆ ಬಂದಾಗ ಅದರೊಂದಿಗೇ ತೂಗುತ್ತದೆ. ತುಂಡುಗಳಿಗೆ ಎಲ್ಲ ಕಡೆಯಿಂದಲೂ ನೀರು, ಬೆಳಕು ಸಿಗುತ್ತವೆ. ಮರಳಿನಲ್ಲಿ ತೆವಳಿ ಬಂದು ಹವಳ ತಿನ್ನುವ ಬಸವನಹುಳು, ಮುಳ್ಳುಹುಳುಗಳಿಗೆ ಅವು ಸುಲಭವಾಗಿ ಎಟುಕುವುದಿಲ್ಲ. ಇದೂ ಒಂದು ಅಟ್ಟಣಿಗೆಯೇ ಅಲ್ಲವೇ?

ಫ್ಲಾರಿಡಾದಲ್ಲಿಯೇ ಮೋಟ್ ಸಾಗರ ಪ್ರಯೋಗಾಲಯವಿದೆ. ಅಲ್ಲಿ ಡೇವಿಡ್ ವಾನ್ ಎಂಬ ವಿಜ್ಞಾನಿ ಒಮ್ಮೆ ತೊಟ್ಟಿಯಲ್ಲಿದ್ದ ಹವಳವನ್ನು ಎತ್ತುವಾಗ ಅದು ಮುರಿಯಿತು. ಕೆಲವೇ ಪಾಲಿಪ್‌ಗಳು ತಳಕ್ಕೆ ಅಂಟಿಕೊಂಡು ಉಳಿದವು. ಅವು ಸತ್ತೇ ಹೋಗುತ್ತವೆ ಎಂದು ವಾನ್ ಭಾವಿಸಿದ್ದರು. ಕೆಲವು ವಾರಗಳ ನಂತರ ನೋಡಿದರೆ ಪಾಲಿಪ್‌ಗಳ ಸಂಖ್ಯೆ ಹಲವು ಪಟ್ಟು ಹೆಚ್ಚಿತ್ತು! ಕಡಲೆಕಾಳಿನಷ್ಟು ಸಣ್ಣ ತುಂಡು ತನ್ನ ಗಾಯವನ್ನು ತುಂಬಿಕೊಳ್ಳುವ ಅವಸರದಲ್ಲಿ ಬಲು ವೇಗವಾಗಿ ಬೆಳೆಯುತ್ತದೆ ಎಂದು ತಿಳಿಯಿತು. ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆಯಲೂ ಹೆಣಗುವ ಗುಂಡು ಹವಳಗಳನ್ನು ಈಗ ಹೀಗೆ ಸಣ್ಣ ಸಣ್ಣ ತುಂಡು ಮಾಡಿ ಬೆಳೆಸುತ್ತಾರೆ.

ಅಟ್ಟಣಿಗೆ ತಡೆಯಲಾರದ್ದು

ನಿಮ್ಮ ಟಬ್ಬಿನ ಪ್ರಯೋಗವನ್ನು ಇನ್ನೊಮ್ಮೆ ನೆನೆಯಿರಿ. ಅಟ್ಟಣಿಗೆಯ ಮೇಲಿದ್ದ ಕಲ್ಲುಗಳು ಮಣ್ಣಿನಿಂದ ಪಾರಾದವು. ಆದರೆ ಟಬ್ಬಿಗೆ ಬಿಸಿನೀರು ಸುರಿದಿದ್ದರೆ? ತಳದ ಕಲ್ಲಿಗೂ ಅಟ್ಟಣಿಗೆಯ ಕಲ್ಲಿಗೂ ಬಿಸಿ ತಟ್ಟುತ್ತಿತ್ತು.

ಸಮುದ್ರದಲ್ಲಿ ಹೀಗೆಯೇ ಆಯಿತು. ಬೇಸಿಗೆಯಲ್ಲಿ ಸಾಮಾನ್ಯವಾಗಿ ಇರುವ ಅತಿ ಹೆಚ್ಚಿನ ಉಷ್ಣತೆಗಿಂತ ಒಂದೇ ಒಂದು ಡಿಗ್ರಿ ಹೆಚ್ಚಾಗಿ, ಅದು ಕೆಲವು ವಾರ ಮುಂದುವರಿದರೆ ಹವಳಕ್ಕೆ ಕಷ್ಟ. ಅದು ತನ್ನೊಳಗಿನ ಪಾಚಿಜೀವಿಗಳನ್ನು ಹೊರಹಾಕುತ್ತದೆ. ಬಣ್ಣ ಹೋಗಿ ಬಿಳಿಯ ಎಲುಬು ಕಾಣುತ್ತದೆ. ಇದನ್ನು ಬಿಳಿಚಿಕೊಳ್ಳುವಿಕೆ ಎನ್ನುತ್ತಾರೆ. ನೀರು ಬೇಗ ತಂಪಾದರೆ ಪಾಚಿಗಳು ಮರಳಿ ಸೇರುತ್ತವೆ, ಹವಳ ಉಳಿಯುತ್ತದೆ. ಇಲ್ಲದಿದ್ದರೆ ಆಹಾರವಿಲ್ಲದೆ ಸಾಯುತ್ತದೆ.

2023ರ ಜುಲೈಯಲ್ಲಿ ಫ್ಲಾರಿಡಾದ ಆಳವಿಲ್ಲದ ಒಂದು ಕೊಲ್ಲಿಯಲ್ಲಿ ನೀರಿನ ಉಷ್ಣತೆ 38 ಡಿಗ್ರಿ ಸೆಲ್ಸಿಯಸ್ ದಾಟಿತು. ಅದು ಜ್ವರ ಬಂದ ನಮ್ಮ ಮೈಯಷ್ಟು ಬಿಸಿ! ಕೊಲ್ಲಿಯಾಚೆಯ ದಿಬ್ಬಗಳ ಬಳಿ ನೀರು ಅಷ್ಟು ಬಿಸಿಯಾಗದಿದ್ದರೂ ಹವಳ ತಾಳುವ ಮಿತಿಯನ್ನು ಮೀರಿತ್ತು. ವರ್ಷಗಟ್ಟಲೆ ಬೆಳೆಸಿ ನೆಟ್ಟಿದ್ದ ಹವಳಗಳು ಬಿಳಿಚಿ ಸತ್ತವು. ಮುಳುಗುಗಾರರು ಹವಳದ ಮರಗಳಿಂದ ಸಾವಿರಾರು ತುಂಡುಗಳನ್ನು ಬಿಡಿಸಿ ದೋಣಿಗಳಲ್ಲಿ ದಡಕ್ಕೆ ತಂದರು. ಅಲ್ಲಿನ ಪ್ರಯೋಗಾಲಯಗಳ ತಂಪು ನೀರಿನ ತೊಟ್ಟಿಗಳಲ್ಲಿ ಅವುಗಳನ್ನು ಇರಿಸಿದರು. ಸಮುದ್ರಕ್ಕೆ ಹೋಗಿದ್ದ ತುಂಡುಗಳು ಮತ್ತೆ ತೊಟ್ಟಿಗೇ ಬಂದವು.

ಫ್ಲಾರಿಡಾದ ದಿಬ್ಬಗಳಲ್ಲಿ ಜಿಂಕೆಕೊಂಬಿನ ಹವಳ ಮತ್ತು ಅದರ ನಂಟನಾದ ಅಗಲಕೊಂಬಿನ ಹವಳ ಬಹುತೇಕ ನಾಶವಾಗಿವೆ ಎಂದು ವಿಜ್ಞಾನಿಗಳು 2025ರಲ್ಲಿ ವರದಿ ಮಾಡಿದರು. ಅಲ್ಲೊಂದು ಇಲ್ಲೊಂದು ಉಳಿದಿರಬಹುದು. ಆದರೆ ದಿಬ್ಬ ಕಟ್ಟುವಷ್ಟು ಇಲ್ಲ. ದಡದ ತೊಟ್ಟಿಗಳಲ್ಲಿ ಕಾಪಾಡಿದ ಹವಳಗಳು ಈಗ ಬಿತ್ತನೆಗೆ ಎತ್ತಿಟ್ಟ ಬೀಜದಂತೆ. ರೈತರು ಬರಗಾಲದಲ್ಲೂ ಬೀಜದ ರಾಗಿಯನ್ನು ಊಟಕ್ಕೆ ಬಳಸದೆ ಕಾಪಾಡುತ್ತಾರಲ್ಲ, ಹಾಗೆ. ಆದರೆ ಬೀಜವಿದ್ದರೆ ಸಾಲದು, ಬಿತ್ತಲು ಹೊಲವೂ ಹದವಾಗಿರಬೇಕು. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್‌ಗಳನ್ನು ಸುಟ್ಟಾಗ ಬರುವ ಇಂಗಾಲದ ಡೈಆಕ್ಸೈಡ್ ಭೂಮಿಯನ್ನೂ ಸಮುದ್ರವನ್ನೂ ಬಿಸಿಮಾಡುತ್ತಿದೆ. ಅದನ್ನು ಕಡಿಮೆ ಮಾಡದೆ ಸಮುದ್ರ ತಂಪಾಗದು.

ನಮ್ಮ ಕಡಲಿನ ಹವಳಗಳು

ನಮ್ಮ ದೇಶದಲ್ಲಿ ಲಕ್ಷದ್ವೀಪ, ಅಂಡಮಾನ್ ಮತ್ತು ನಿಕೋಬಾರ್, ತಮಿಳುನಾಡಿನ ಮನ್ನಾರ್ ಕೊಲ್ಲಿ, ಗುಜರಾತಿನ ಕಚ್ ಕೊಲ್ಲಿಗಳಲ್ಲಿ ಹವಳದ ದಿಬ್ಬಗಳಿವೆ. ನಮ್ಮ ಕರ್ನಾಟಕದಲ್ಲಿಯೂ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಲಕ್ಷದ್ವೀಪದ ಹವಳಗಳು 1998, 2010, 2016 ಮತ್ತು 2024ರಲ್ಲಿ ಬಿಳಿಚಿಕೊಂಡವು. ಮನ್ನಾರ್ ಕೊಲ್ಲಿಯಲ್ಲಿ ಹಿಂದೆ ಸುಣ್ಣಕ್ಕಾಗಿ ಹವಳವನ್ನು ಅಗೆದು ಸಾಗಿಸುತ್ತಿದ್ದರು. ಅಲ್ಲೀಗ ವಿಜ್ಞಾನಿಗಳು ಹವಳದ ತುಂಡುಗಳನ್ನು ಸಿಮೆಂಟಿನ ಹಲಗೆಗಳಿಗೆ ಕಟ್ಟಿ ಸಮುದ್ರತಳದಲ್ಲಿ ಬೆಳೆಸುತ್ತಿದ್ದಾರೆ.

ಒಂದು ಎಚ್ಚರಿಕೆ. ದಿಬ್ಬ ಕಟ್ಟುವ ಹವಳಗಳಿಗೆ ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಇದೆ. ಹುಲಿ, ಆನೆಗಳಿರುವ ಪಟ್ಟಿಯಲ್ಲಿಯೇ ಇವೂ ಇವೆ. ಇವುಗಳನ್ನು ಸಮುದ್ರದಿಂದ ಕೀಳುವುದು, ಮಾರುವುದು, ಮನೆಯಲ್ಲಿಡುವುದು ಅಪರಾಧ. ಪ್ರವಾಸಕ್ಕೆ ಹೋದಾಗ ಯಾರಾದರೂ ಹವಳದ ತುಂಡನ್ನು ಮಾರಲು ಬಂದರೆ ಕೊಳ್ಳಬೇಡಿ. ಅದು ಏಕೆ ತಪ್ಪು ಎಂಬುದನ್ನು ಮನೆಯವರಿಗೂ ತಿಳಿಸಿ. ಕಡಲಿನಿಂದ ದೂರದ ಊರಿನಲ್ಲಿದ್ದರೂ ಹವಳಕ್ಕಾಗಿ ನೀವು ಮಾಡಬಹುದಾದ ಕೆಲಸವಿದೆ: ಬಳಸದಿರುವಾಗ ದೀಪ, ಫ್ಯಾನು ಆರಿಸುವುದು, ಹತ್ತಿರದ ದಾರಿಗೆ ನಡೆದೋ ಸೈಕಲ್ಲಿನಲ್ಲೋ ಹೋಗುವುದು. ಇವು ಸಣ್ಣ ಕೆಲಸಗಳು, ನಿಜ. ಹವಳದ ದಿಬ್ಬವನ್ನು ಕಟ್ಟುವ ಪಾಲಿಪ್ ಕೂಡ ಸಣ್ಣದೇ.

ಯೋಚಿಸಿ ಉತ್ತರಿಸಿ

1. ಹವಳ ಪ್ರಾಣಿಯಾದರೂ ಅದಕ್ಕೆ ಬೆಳಕು ಏಕೆ ಬೇಕು?

2. ಅಟ್ಟಣಿಗೆಯ ಕೊಳವೆಗಳಲ್ಲಿ ತೂತು ಕೊರೆಯದಿದ್ದರೆ ಏನಾಗುತ್ತದೆ? ಒಂದು ಖಾಲಿ ಬಾಟಲಿಯನ್ನು ಮುಚ್ಚಳ ಹಾಕಿ ಮತ್ತು ಮುಚ್ಚಳ ತೆಗೆದು ನೀರಿನಲ್ಲಿ ಮುಳುಗಿಸಿ ಉತ್ತರ ಕಂಡುಕೊಳ್ಳಿ.

3. ತುಂಡಿನಿಂದ ಹೊಸ ಗಿಡವಾಗುವ ಐದು ಸಸ್ಯಗಳನ್ನು ನಿಮ್ಮ ಊರಿನಲ್ಲಿ ಹುಡುಕಿ ಪಟ್ಟಿ ಮಾಡಿ.

4. ಹವಳದ ಮರ ಮತ್ತು ತೊಟ್ಟಿಯ ಅಟ್ಟಣಿಗೆ ಇವುಗಳಲ್ಲಿ ಒಂದೇ ರೀತಿ ಇರುವ ಮೂರು ಅಂಶಗಳನ್ನು ಬರೆಯಿರಿ.

5. 'ಹವಳ ನೆಡುವುದರಿಂದಲೇ ದಿಬ್ಬಗಳು ಉಳಿಯುತ್ತವೆ' ಎಂದು ನಿಮ್ಮ ಗೆಳೆಯ ಹೇಳಿದರೆ ನೀವು ಏನು ಉತ್ತರ ಕೊಡುವಿರಿ?